ನಡೆಯುವ ಚಿತ್ರದ ಕಾರ್ಡು

ಬಳಗಾನೂರು
೮ ಜೂನ್ ೨೦೨೫

ಅಕ್ಕ ಭಾರತಿಗೆ,

ನಾವೆಲ್ಲ ಆರಾಮ. ಫೋನು ಮಾಡಬಹುದಿತ್ತು. ಆದರೆ ನಿಮ್ಮ ಮನೆಯ ಒಂದೇ ಫೋನು ವೀರೇಶ ಭಾವನ ಜೊತೆ ಕುರಿ ಹಿಂದೆ ಹೋಗಿರುತ್ತದೆ. ಸಿಕ್ಕರೂ ಸ್ಪೀಕರ್ ಹಾಕಿ ಓಣಿಗೆಲ್ಲ ಕೇಳಿಸುತ್ತಾರೆ. ಫೋನು ಹಿಡಿದರೆ ನನ್ನ ಬಾಯಿ ಒಣಗುವುದು ನಿನಗೆ ಗೊತ್ತೇ ಇದೆ. ಐದನೆಯ ತರಗತಿಯವರೆಗೆ ಕಲಿತದ್ದು ಕಾಗದದ ಮೇಲಾದರೂ ಉಪಯೋಗಕ್ಕೆ ಬರಲಿ.

ಹದಿನೆಂಟಕ್ಕೆ ನಾನು ಹೈದರಾಬಾದಿಗೆ ಹೋಗುತ್ತಿದ್ದೇನೆ. ಕೂಲಿಗಲ್ಲ. ಅಲ್ಲಿ ನಿಂತುಕೊಳ್ಳಲು.

ಮಸ್ಕಿಯ ದೀಪಾ ಎಂಬವಳು ಬಂದಿದ್ದಳು. ಅವಳ ಅಪ್ಪ ಬ್ಯಾಂಕಿನಲ್ಲಿದ್ದಾರೆ. ಅವಳು ಹೈದರಾಬಾದಿನ ಒಂದು ಸಣ್ಣ ಕಂಪನಿಯಲ್ಲಿ ಪ್ರಾಡಕ್ಟ್ ಮ್ಯಾನೇಜರ್. ರೈತರು ನಾಟಿ ಹಚ್ಚುವ ಗುಂಪುಗಳನ್ನು ಫೋನಿನಿಂದಲೇ ಕರೆಸಿಕೊಳ್ಳುವ ಆ್ಯಪ್ ಮಾಡಿದ್ದಾರಂತೆ. ನಮ್ಮ ಗುಂಪಿನ ಮುಂದಾಳು ಆದಮ್ಮತ್ತೆಯನ್ನು ಕರೆಯಲು ಬಂದಿದ್ದಳು.

‘ಕಾನ್ಫರೆನ್ಸ್ ಐತ್ರಿ. ಆ್ಯಪ್ ಮಾಡೋರು, ಯಂತ್ರ ಮಾಡೋರು, ಎಲ್ಲಾರೂ ಕೂಡ್ತಾರ. ಗುಂಪಿನಾಕಿ ಒಬ್ಬಾಕಿ ನಮ್ಮ ಸ್ಟಾಲಿನಾಗ ಇದ್ರ ಛಲೋ.’

‘ಕೂಡಿ ಏನ್ ಮಾಡ್ತಾರ?’ ಎಂದಳು ಆದಮ್ಮತ್ತೆ.

‘ಮಾತಾಡ್ತಾರ್ರಿ.’

‘ಮಾತು ಮುಗದ ಮ್ಯಾಲ?’

‘ಚಾ ಕುಡಕೋಂತ ಮತ್ತ ಮಾತಾಡ್ತಾರ. ಅದಕ್ಕ ನೆಟ್‌ವರ್ಕಿಂಗ್ ಅಂತಾರ.’

ನಮ್ಮ ಗುಂಪಿನ ಜೈನಾಬೀ ಸುಮ್ಮನಿರುವವಳೇ? ‘ಹಂಗಾದ್ರ ನಮ್ಮ ಬದುವಿನ ಮ್ಯಾಲ ದಿನಾ ನೆಟ್‌ವರ್ಕಿಂಗ್ ನಡೀತೈತಿ ಬಿಡವಾ, ಟವರ್ ಇಲ್ದನ!’ ಎಂದಳು. ಎಲ್ಲರೂ ನಕ್ಕರು, ದೀಪಾಳೂ ನಕ್ಕಳು.

ಆದಮ್ಮತ್ತೆ ಒಲ್ಲೆನೆಂದು ನನ್ನನ್ನು ತೋರಿಸಿದಳು. ‘ಜಯಾನ್ನ ಕರ್ಕೊಂಡ್ ಹೋಗು. ಬಾಯಿ ಇಲ್ಲ, ಕಣ್ಣ ಅದಾವ.’

ದೀಪಾಳನ್ನು ಒಂದು ಮಾತು ಕೇಳಿದೆ. ಮ್ಯಾನೇಜರ್ ಎಂದರೆ ಕೈಕೆಳಗೆ ಎಷ್ಟು ಜನ? ಯಾರೂ ಇಲ್ಲವಂತೆ. ಯಾರಿಗೆ ಏನು ಬೇಕೆಂದು ಕೇಳುತ್ತ ತಿರುಗುವುದು, ಕೇಳಿದ್ದನ್ನು ಮಾಡುವವರಿಗೆ ಮುಟ್ಟಿಸುವುದು, ಅದೇ ಕೆಲಸವಂತೆ. ಇಂಥದ್ದೊಂದು ಕೆಲಸ ಇದೆಯೆಂದು ನನಗೆ ಗೊತ್ತೇ ಇರಲಿಲ್ಲ. ಅಲ್ಲಿ ಇನ್ನೂ ಎಂಥೆಂಥ ಕೆಲಸದವರು ಬರುತ್ತಾರೋ ನೋಡಬೇಕು.

ನಿನ್ನ ತಂಗಿ
ಜಯಶ್ರೀ


ಗುರುಗುಂಟಾ
೧೩ ಜೂನ್ ೨೦೨೫

ಜಯಾ,

ನಿನ್ನ ಕಾಗದ ಮುಟ್ಟಿತು. ನಾನಂತೂ ಓದಿ ಮಡಚಿಟ್ಟೆ. ನನಗೆ ಅಂಥದ್ದರಲ್ಲಿ ಆಸಕ್ತಿ ಇಲ್ಲ, ಈಗ ಮರಿಗಳಿಗೆ ಬೇಧಿ ಹತ್ತಿದೆ. ಆದರೆ ನಮ್ಮ ಅತ್ತೆ ಗದ್ದೆಮ್ಮ ಬಿಡವಲ್ಲರು. ಕೇಳಿ ಬರೆಸು ಎಂದು ಒಂದೇ ಸಮ ಹಟ. ಅವರು ಕೇಳಿದ್ದು: ಅಲ್ಲಿ ಹೆಂಗಸರಿಗೂ ಕುರ್ಚಿ ಇರುತ್ತದೆಯೇ, ಕುರ್ಚಿಗೆ ಮೆತ್ತೆ ಇದೆಯೇ, ಊಟ ಕೂತು ಮಾಡುತ್ತಾರೋ ನಿಂತೋ, ಮಾತನಾಡದೆ ಸುಮ್ಮನೆ ನಿಂತವರನ್ನು ಹೊರಗೆ ಹಾಕುತ್ತಾರೋ ಹೇಗೆ. ಮುದುಕಿಯ ಬಾಯಿ ಮುಚ್ಚಿಸಲು ಬಿಡಿಸಿ ಬರೆ.

ಒಂದು ಮಾತು ನೆನಪಿಡು. ಮದುವೆಗೆ ಮುಂಚೆ ನಾನೂ ಆ ಗುಂಪಿನಲ್ಲಿ ನಾಟಿ ಹಚ್ಚಿದವಳು. ಜಮೀನಿನವರು ಎಲೆ-ಅಡಿಕೆ ಕೈಯಲ್ಲಿಟ್ಟರೆ ಆ ದಿನ ಅವರದು. ದಿನ ಕೇಳಿ ಕೊಟ್ಟದ್ದು ಎಲೆಯಾಗಲಿ ಬೇರೇನಾಗಲಿ, ಗುಂಪಿನಲ್ಲಿ ಯಾರ ಕೈ ತೆಗೆದುಕೊಂಡರೂ ಗುಂಪೇ ತೆಗೆದುಕೊಂಡಂತೆ. ಅಲ್ಲಿ ದೊಡ್ಡ ದೊಡ್ಡವರು ಬರುತ್ತಾರೆ. ಯಾರ ಕೈಯಿಂದಲೂ ಏನೂ ತೆಗೆದುಕೊಳ್ಳಬೇಡ. ಪ್ರತಿವರ್ಷದಂತೆ ಮೊದಲ ನಾಟಿ ಜವಳಗೇರಾದ ಪಂಪಾಪತಿಯವರದು ಎಂಬುದು ನೆನಪಿರಲಿ.

ಭಾರತಿ


ಬಳಗಾನೂರು
೨೨ ಜೂನ್ ೨೦೨೫

ಅಕ್ಕ,

ಹೋಗಿ ಬಂದೆ. ನಿಮ್ಮ ಅತ್ತೆಗೆ ಹೇಳು: ಎಲ್ಲರಿಗೂ ಕುರ್ಚಿ, ಕುರ್ಚಿಗೆ ಮೆತ್ತೆ, ಹೆಂಗಸರು ಮುಂದಿನ ಸಾಲಿನಲ್ಲೂ ಕೂರುತ್ತಾರೆ. ಊಟ ಮಾತ್ರ ನಿಂತು. ಒಂದು ಕೈಯಲ್ಲಿ ತಟ್ಟೆ, ಇನ್ನೊಂದು ಕೈಯಲ್ಲಿ ಚಮಚ, ಆಮೇಲೆ ಯಾರಾದರೂ ಕೈ ಕುಲುಕಲು ಬಂದರೆ ಗಡಿಬಿಡಿ. ಸುಮ್ಮನೆ ನಿಂತವರನ್ನು ಹೊರಗೆ ಹಾಕುವುದಿಲ್ಲ. ಅಂಥವರು ಬಹಳ ಮಂದಿ ಇದ್ದರು, ಎಲ್ಲರೂ ಫೋನು ನೋಡುತ್ತಿರುವಂತೆ ನಟಿಸುತ್ತಿದ್ದರು. ಅವರನ್ನು ಕಂಡು ನನಗೆ ಧೈರ್ಯ ಬಂತು.

ಎಲ್ಲರ ಕೊರಳಿಗೂ ಪಟ್ಟಿ ಕಟ್ಟಿ ಹೆಸರು ತೂಗುಹಾಕಿರುತ್ತಾರೆ. ಎದುರಿಗೆ ಬಂದವರು ಮೊದಲು ಎದೆಯ ಮೇಲಿನ ಹೆಸರು ಓದುತ್ತಾರೆ, ಆಮೇಲೆ ಮುಖ ನೋಡುತ್ತಾರೆ. ನನ್ನ ಹೆಸರಿನ ಕೆಳಗೆ ಇನ್ನೊಂದು ಮಾತು ಇತ್ತು.

‘ಇದೇನ್ರಿ?’ ಎಂದು ದೀಪಾಳನ್ನು ಕೇಳಿದೆ.

‘ಯೂಸರ್. ನಮ್ಮ ಆ್ಯಪ್ ಬಳಸಾಕಿ ಅಂತ.’

‘ನಾವಿನ್ನಾ ಬಳಸಿಲ್ಲಲ್ರಿ?’

‘ಬಳಸ್ತೀರಿ ಬಿಡು. ನೆಟ್ಟಗ ನಿಂದ್ರು, ಯಾರೋ ಬಂದ್ರು.’

ವೇದಿಕೆಯ ಮೇಲೆ ಒಬ್ಬನು ತಾನು ಮಾಡಿದ ಆ್ಯಪ್ ಹೇಗೆ ಕೆಟ್ಟುಹೋಯಿತೆಂದು ಹೇಳಿದ. ಮಾವಿನಹಣ್ಣು ಮಾರುವ ಆ್ಯಪ್ ಅಂತೆ. ಎಲ್ಲಿ ತಪ್ಪಿತು, ಯಾರ ಮಾತು ಕೇಳಲಿಲ್ಲ, ಎಲ್ಲವನ್ನೂ ಬಿಡಿಸಿ ಹೇಳಿದ. ಮುಗಿದ ಮೇಲೆ ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ನಮ್ಮಲ್ಲಿ ಮಡಿಯ ಸಸಿ ಕೊಳೆತರೆ ಆ ರೈತ ಒಂದು ವಾರ ಚಹದಂಗಡಿಗೆ ಬರುವುದಿಲ್ಲ. ಎಲ್ಲಿ ತಪ್ಪಿತೆಂದು ಅವನೂ ಹೀಗೆ ಕುರ್ಚಿ ಹಾಕಿ ಹೇಳಿದರೆ ಪಕ್ಕದವರಿಗೆ ಉಪಯೋಗವಾಗುತ್ತಿತ್ತು ಎನಿಸಿತು.

ಅಲ್ಲಿ ಎಲ್ಲರೂ ಎಲ್ಲರಿಗೂ ಹೆಸರಿನ ಕಾರ್ಡು ಕೊಡುತ್ತಾರೆ. ನಿನ್ನ ಮಾತು ನೆನಪಿಟ್ಟುಕೊಂಡು ಕೈಮುಗಿದುಬಿಡುತ್ತಿದ್ದೆ. ಚಾಚಿದ ಕೈ ಚಾಚಿದಂತೆಯೇ ಉಳಿಯುತ್ತಿತ್ತು. ದೀಪಾ ಸಿಟ್ಟಾದಳು. ‘ತಗೊಳ್ಳೇ, ಕಚ್ಚೂದಿಲ್ಲ!’ ಎಂದಳು. ಅವಳು ಮಾತ್ರ ಬಂದದ್ದನ್ನೆಲ್ಲ ಚೀಲಕ್ಕೆ ಹಾಕಿಕೊಂಡಳು. ಇಷ್ಟೊಂದು ಜನರಿಗೆ ಮಾತು ಕೊಟ್ಟು ಹೇಗೆ ನಿಭಾಯಿಸುತ್ತಾಳೆ ಎಂದು ನನಗೆ ಆ ದಿನವೆಲ್ಲ ಅದೇ ಯೋಚನೆ.

ಇಲ್ಲಿ ಒಂದು ಸಾಲು ತಪ್ಪಾಗಿ ಬರೆದು ಹೊಡೆದುಹಾಕಿದ್ದೇನೆ, ಬೇರೆ ತಿಳಿದುಕೊಳ್ಳಬೇಡ. ಮರಿಗಳು ಹೇಗಿವೆ?

ಜಯಶ್ರೀ


ಗುರುಗುಂಟಾ
೨೭ ಜೂನ್ ೨೦೨೫

ಜಯಾ,

ಮರಿಗಳು ಹುಷಾರಾಗಿವೆ. ಹೊಡೆದುಹಾಕಿದ ಸಾಲನ್ನು ನಾನು ಬಿಸಿಲಿಗೆ ಹಿಡಿದೆ. ‘ಶಿವಪ್ರಸಾದ’ ಎಂದು ಕಾಣಿಸಿತು. ಮುಂದೆ ‘ಕೈ’ ಎಂದು ಕಾಣಿಸಿತು.

ನಾನು ನಿನ್ನ ಅಕ್ಕ. ನನ್ನ ಮುಂದೆ ಮುಚ್ಚಿಡಬೇಡ. ಯಾವ ಊರಿನವನು? ಯಾವ ಜನ? ಮದುವೆ ಆಗಿಲ್ಲ ಎಂದು ಸರಿಯಾಗಿ ಕೇಳಿದ್ದೀಯಾ? ಹೈದರಾಬಾದಿನವರಿಗೆ ಎರಡೆರಡು ಮನೆ ಇರುತ್ತವೆ ಎಂದು ಇಲ್ಲಿ ಹೇಳುತ್ತಾರೆ. ಕೈ ಹಿಡಿದನೋ, ಹಿಡಿಯುತ್ತೇನೆ ಅಂದನೋ? ಎರಡಕ್ಕೂ ಬಹಳ ಫರಕ್ ಇದೆ. ಅವ್ವನಿಗೆ ನಾನು ಹೇಳುತ್ತೇನೆ, ನೀನು ಬಾಯಿ ಬಿಡಬೇಡ. ಬಿಡುವವಳೂ ಅಲ್ಲ.

ಅತ್ತೆ ಕೇಳುತ್ತಾರೆ: ಆ ಸಭೆಗಳು ಒಂದೇ ಸಲವೋ, ಮತ್ತೆ ಮತ್ತೆ ಆಗುತ್ತವೆಯೋ? ಕುರಿ ಸಾಕುವವರನ್ನು ಕರೆಯುತ್ತಾರೆಯೋ?

ಭಾರತಿ


ಬಳಗಾನೂರು
೩ ಜುಲೈ ೨೦೨೫

ಅಕ್ಕ,

ಮದುವೆ ಅಲ್ಲವೇ ಅಲ್ಲ. ಆ ಶಿವಪ್ರಸಾದರಿಗೆ ನಮ್ಮ ಅಪ್ಪನ ವಯಸ್ಸು. ಅವ್ವನಿಗೆ ಹೇಳಿಬಿಟ್ಟಿದ್ದೀಯಲ್ಲ, ಎರಡು ದಿನದಿಂದ ನನ್ನನ್ನು ಮೇಲಿಂದ ಕೆಳಗೆ ನೋಡುತ್ತಿದ್ದಾಳೆ.

ನಡೆದದ್ದು ಇದು. ಅವರು ನಾಟಿ ಹಚ್ಚುವ ಯಂತ್ರದ ಕಂಪನಿಯವರು. ಅರ್ಧ ತೆಲುಗು, ಅರ್ಧ ಕನ್ನಡ. ನಮ್ಮ ಸ್ಟಾಲಿಗೆ ಬಂದು ಕೇಳಿದರು: ‘ನೀವು ನಾಟಿ ಮಾಡೋರಾ ಅಮ್ಮಾ? ನಾನು ಬಂದು ನೋಡಬೇಕು. ಫಸ್ಟ್ ನಾಟಿ ದಿನ ನನಗೆ ಇಟ್ಟುಬಿಡಿ, ಸರೇನಾ?’ ಹಾಗೆ ಹೇಳುತ್ತ ಕಾರ್ಡು ಚಾಚಿದರು. ನಾನು ಕೈಮುಗಿಯಬೇಕೆಂದೇ ಇದ್ದೆ. ಆದರೆ ಆ ಕಾರ್ಡಿನ ಮೇಲೆ ಯಂತ್ರದ ಚಿತ್ರ ಇತ್ತು. ಕಾರ್ಡು ಸ್ವಲ್ಪ ವಾಲಿದಾಗ ಆ ಯಂತ್ರ ನೀರಿನ ಮೇಲೆ ನಡೆಯಿತು, ಅಕ್ಕ! ಹಿಂದಕ್ಕೆ ವಾಲಿಸಿದರೆ ಹಿಂದಕ್ಕೆ ಬಂತು. ಅದು ಹೇಗೆ ಎಂದು ನೋಡಲು ನನ್ನ ಕೈ ತಾನೇ ಮುಂದೆ ಹೋಯಿತು. ತೆಗೆದುಕೊಂಡಾದ ಮೇಲೆ ನಿನ್ನ ಮಾತು ನೆನಪಾಯಿತು. ದೀಪಾ ನೋಡುತ್ತಿದ್ದಳು, ಬೇರೆ ಮೂವರು ನೋಡುತ್ತಿದ್ದರು. ಶಿವಪ್ರಸಾದರು ಅಷ್ಟರಲ್ಲಿ ಬೇರೆ ಯಾರ ಜೊತೆಗೋ ನಗುತ್ತ ಹೋದರು.

ಇಲ್ಲಿಗೆ ಬಂದು ಯಾರಿಗೂ ಹೇಳಲಿಲ್ಲ. ದಿನಾ ಹೇಳಬೇಕೆಂದು ಬಾಯಿ ತೆರೆಯುತ್ತಿದ್ದೆ. ಮೊನ್ನೆ ಪಂಪಾಪತಿಯವರು ಎಲೆ-ಅಡಿಕೆ ತೆಗೆದುಕೊಂಡು ಬಂದರು. ಗುಂಪೆಲ್ಲ ಕಾಲುವೆ ಕಟ್ಟೆಯ ಮೇಲೆ ಇತ್ತು. ಆದಮ್ಮತ್ತೆ ಸೆರಗು ಸರಿಮಾಡಿಕೊಂಡು ಕೈ ಚಾಚಿದಳು. ಆಗ ನಾನು ‘ಬ್ಯಾಡ!’ ಎಂದು ಚೀರಿಬಿಟ್ಟೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ.

ಎಲ್ಲವನ್ನೂ ಹೇಳಿ ಕಾರ್ಡು ತೋರಿಸಿದೆ. ಜೈನಾಬೀ ಅದನ್ನು ಇಸಿದುಕೊಂಡು ಹಿಂದೆ ಮುಂದೆ ವಾಲಿಸಿದಳು. ಮೊದಲು ನಕ್ಕಳು. ಆಮೇಲೆ, ‘ನಮ್ಮ ಕೆಲ್ಸ ಮಾಡೋ ಯಂತ್ರದಾವನ ಕೈಯಾಗ, ಅದೂ ಮೊದಲ ದಿನಾ ಕೊಟ್ಟು ಬಂದೀಯೇನ್ಲೇ?’ ಎಂದಳು. ಆಮೇಲೆ ಯಾರೂ ನಗಲಿಲ್ಲ.

ಪಂಪಾಪತಿಯವರು ಎಲೆಯನ್ನು ಮತ್ತೆ ಟವೆಲ್ಲಿನಲ್ಲಿ ಕಟ್ಟಿಕೊಂಡರು. ‘ಬರೋಬ್ಬರಿ ಮಾಡ್ಕೊಂಡು ಹೇಳ್ರಿ. ಆದ್ರ ಕಾಲುವಿ ನೀರು ನನ್ನ ಹೊಲಕ್ಕ ಬಂದ ಮ್ಯಾಲ ನಾ ಕಾಯೋನಲ್ಲ. ಬ್ಯಾರೆ ಗುಂಪು ಅದಾವ.’ ಹೀಗೆಂದು ಹೋದರು. ಮೊದಲ ನಾಟಿ ತಪ್ಪಿದರೆ ಆಮೇಲಿನವರೂ ನಮ್ಮನ್ನು ನಂಬುವುದಿಲ್ಲ, ಒಂದೇ ದಿನಕ್ಕೆ ಇಬ್ಬರ ಕೈಯಿಂದ ತೆಗೆದುಕೊಳ್ಳುವ ಗುಂಪು ಅನ್ನುತ್ತಾರೆ.

ಆದಮ್ಮತ್ತೆ ಕಾರ್ಡಿನ ನಂಬರಿಗೆ ನನ್ನಿಂದಲೇ ಫೋನು ಮಾಡಿಸಿದಳು. ಅವರೇ ಎತ್ತಿದರು. ಯಾವ ಬಳಗಾನೂರು, ಯಾವ ನಾಟಿ ಎಂದರು. ನೆನಪೇ ಇಲ್ಲ. ಮೇಲ್ ಕಳಿಸಿ ಎಂದು ಇಟ್ಟುಬಿಟ್ಟರು.

ಮರುದಿನ ದೀಪಾ ಊರಿಗೆ ಬಂದಿದ್ದಾಳೆಂದು ಮಸ್ಕಿಗೆ ಹೋಗಿ ಕೇಳಿದೆ. ‘ಕಸದ ಡಬ್ಬಿಗೆ ಹಾಕು ಮಾರಾಯ್ತಿ. ಅಲ್ಲಿ ಕಾರ್ಡ್ ಕೊಡೋದಂದ್ರ ಹೆಸರು ಹೇಳಿಕೊಂಡಂಗ, ಅಷ್ಟ. ನಾ ಚೀಲ ತುಂಬ ತಂದೀನಿ, ಹತ್ತು ಮಂದಿ ನೆನಪಿದ್ರ ಹೆಚ್ಚು’ ಎಂದಳು. ಅವಳು ಸುಳ್ಳು ಹೇಳುವವಳಲ್ಲ. ಅಲ್ಲಿ ಅದು ಹಾಗೇ ಇರಬೇಕು. ನಾನು ಬಂದು ಅದನ್ನೇ ಆದಮ್ಮತ್ತೆಗೆ ಹೇಳಿದೆ.

‘ಅವ್ರ ಕಡೆ ಹೆಂಗರ ಇರಲಿ. ಅವ ಮರತ್ರ ಅವಂದು. ದಿನಾ ಕೇಳಿದಾ, ನೀ ಕೈ ಚಾಚಿದಿ. ಹೊಳ್ಳಿ ಅವನ ಕೈಯಾಗ ಇಟ್ಟು, ಅವನ ಬಾಯಿಂದ ಬಿಟ್ಟೆ ಅನಿಸ್ಕೊಂಡ್ ಬಾ. ಫೋನಿನಾಗ ಅಂದ್ರ ನಡ್ಯಂಗಿಲ್ಲ.’

ಶಿವಪ್ರಸಾದರು ಹದಿನಾರಕ್ಕೆ ಬೆಂಗಳೂರಿನ ಸಭೆಗೆ ಬರುತ್ತಾರೆಂದು ದೀಪಾ ಹೇಳಿದ್ದಳು. ಅವಳ ಹತ್ತಿರ ಎರಡು ಪಾಸು ಇವೆ. ಬಿಡಿಸಿಕೊಳ್ಳುವಾಗ ನಮ್ಮ ಕಡೆಯ ಸಾಕ್ಷಿ ಒಬ್ಬರು ಇರಬೇಕು. ನೀರು ಬರುವ ಹೊತ್ತಿಗೆ ಆದಮ್ಮತ್ತೆ ಊರು ಬಿಡಲಾರಳು. ನೀನು ಬರುತ್ತೀಯಾ? ನೀನೂ ಗುಂಪಿನವಳೇ ಆಗಿದ್ದೆ.

ಇನ್ನೊಂದು. ಮಸ್ಕಿ ಬಸ್ ಸ್ಟ್ಯಾಂಡಿನಲ್ಲಿ ನಿಮ್ಮ ಅತ್ತೆ ಗದ್ದೆಮ್ಮನವರು ಸಿಕ್ಕರು. ಮಗಳ ಬಾಣಂತನಕ್ಕೆ ಮೇ ತಿಂಗಳಲ್ಲೇ ಬಂದವರು ಇನ್ನೂ ಗುರುಗುಂಟಾಕ್ಕೆ ಹೋಗಿಲ್ಲವಂತೆ. ಕುರ್ಚಿಯ ಮೆತ್ತೆಯ ವಿಷಯ ಅವರಿಗೆ ಗೊತ್ತೇ ಇಲ್ಲ. ‘ಯಾ ಮೆತ್ತಿ ಬೇ?’ ಎಂದರು.

ಜಯಶ್ರೀ


ಗುರುಗುಂಟಾ
೮ ಜುಲೈ ೨೦೨೫

ಜಯಾ,

ಬರುತ್ತೇನೆ. ಸಾಕ್ಷಿ ಬೇಕು ಎಂದಿದ್ದೀಯಲ್ಲ, ಅದಕ್ಕೆ. ವೀರೇಶ ‘ನೀ ಹೋದ್ರ ಕುರಿ ಯಾರ್ ಎಣಸ್ತಾರ?’ ಎಂದ. ‘ನೀನ ಎಣಸು, ಬೆರಳ ಅದಾವಲ್ಲ’ ಎಂದೆ. ಹದಿನೈದಕ್ಕೆ ಲಿಂಗಸೂಗೂರು ಬಸ್ ಸ್ಟ್ಯಾಂಡಿನಲ್ಲಿ ನಿಂತಿರುತ್ತೇನೆ.

ಹಸಿರು ಸೀರೆ ಉಡಲೋ, ಮದುವೆಯದೋ?

ಭಾರತಿ


ಬಳಗಾನೂರು
೨೦ ಜುಲೈ ೨೦೨೫

ಅಕ್ಕ,

ಲಿಂಗಸೂಗೂರಿನಲ್ಲಿ ನೀನು ಇಳಿದ ಮೇಲೆ ನಾನು ಸೀದಾ ಬಳಗಾನೂರಿಗೆ ಬಂದೆ. ಆದಮ್ಮತ್ತೆ ಮುಖ ತೊಳೆಯಲೂ ಬಿಡದೆ ಕೇಳಿದಳು. ನೀನು ನನ್ನ ಬೆನ್ನ ಹಿಂದೆ ನಿಂತಿದ್ದೆ, ನನ್ನ ಮುಖ ನೀನು ನೋಡಿಲ್ಲ. ಆದ್ದರಿಂದ ನಿನಗೂ ಬರೆಯುತ್ತೇನೆ.

ಆ ಚಹದ ಹೊತ್ತಿನ ಗದ್ದಲದಲ್ಲಿ ಶಿವಪ್ರಸಾದರನ್ನು ಹುಡುಕುವಾಗ, ಸಿಗದಿದ್ದರೆ ಸಾಕು ಎಂದು ಒಳಗೊಳಗೇ ಬೇಡಿಕೊಳ್ಳುತ್ತಿದ್ದೆ. ಅವರ ಸುತ್ತ ಐದಾರು ಮಂದಿ. ಕಾರ್ಡು ಮುಂದೆ ಹಿಡಿದೆ. ನಾನೇ ಹೊಸದಾಗಿ ಕಾರ್ಡು ಕೊಡುತ್ತಿದ್ದೇನೆಂದು ತಿಳಿದು ಅವರು ತೆಗೆದುಕೊಂಡರು, ಇನ್ನೊಂದು ಕೈಯನ್ನು ಜೇಬಿಗೆ ಹಾಕಿ ತಮ್ಮದೊಂದನ್ನು ತೆಗೆದರು. ಎರಡೂ ಒಂದೇ! ಎರಡರ ಮೇಲೂ ಯಂತ್ರ ನಡೆಯುತ್ತಿತ್ತು. ಅವರು ಅದನ್ನೂ ಇದನ್ನೂ ನೋಡಿದರು.

‘ಇದು ನಂದೇ ಅಲ್ವಾ ಅಮ್ಮಾ? ಯಾಕೆ ವಾಪಸ್ಸು?’

ಆಗ ನಾನು ಹೇಳಿದೆ. ಎಲೆ-ಅಡಿಕೆ, ಮೊದಲ ನಾಟಿ, ಪಂಪಾಪತಿಯವರು ಟವೆಲ್ಲಿನಲ್ಲಿ ಕಟ್ಟಿಕೊಂಡು ಹೋದದ್ದು. ಗದ್ದಲಕ್ಕೆ ಕೇಳಿಸುವುದಿಲ್ಲವೆಂದು ಜೋರಾಗಿ ಹೇಳಬೇಕಾಯಿತು. ಅವರ ಜೊತೆಗಿದ್ದ ಒಬ್ಬನು ನಕ್ಕ. ಅವರು ನಗಲಿಲ್ಲ. ‘ಆ ದಿನ ನಾನು ಕೇಳಿದೆನಾ?’ ಎಂದರು. ಹೌದೆಂದೆ. ‘ಎಲ್ಲರನ್ನೂ ಹಾಗೇ ಕೇಳ್ತೀನಮ್ಮಾ, ಮಾತಿಗೆ’ ಎಂದರು. ‘ಬಿಟ್ಟೆ ಅನ್ರಿ’ ಎಂದೆ. ‘ಬಿಟ್ಟೆನಮ್ಮಾ’ ಎಂದರು. ಜೋರಾಗಿಯೇ ಅಂದರು. ಬೇರೆ ಯಾವತ್ತಾದರೂ ಬರಬಹುದೋ ಎಂದು ಕೇಳಿದಾಗ, ‘ಬರ್ರಿ. ನೋಡಾಕ ಎಲಿ-ಅಡಿಕಿ ಬೇಕಾಗಿಲ್ಲ’ ಎಂದೆ. ಅಷ್ಟು ಮಾತು ನನ್ನ ಬಾಯಿಂದ ಹೇಗೆ ಬಂತೋ.

ಯಂತ್ರ ನಡೆಯುವುದು ಹೇಗೆಂದೂ ಕೇಳಿಬಿಟ್ಟೆ. ಕಾರ್ಡಿನ ಮೇಲೆ ಕಣ್ಣಿಗೆ ಕಾಣದಂಥ ಸಣ್ಣ ಸಣ್ಣ ಸಾಲುಗಳು ಇವೆಯಂತೆ, ಕಾರ್ಡು ಅವರ ಕೈಯಲ್ಲಿದ್ದಂತೆಯೇ ಉಗುರಿನಿಂದ ಗೀರಿ ನೋಡಿದೆ, ತಿಳಿಯಿತು. ಒಂದು ಸಾಲಿನ ಸಂದಿಗೆ ಒಂದು ಚಿತ್ರ, ಇನ್ನೊಂದಕ್ಕೆ ಇನ್ನೊಂದು. ವಾಲಿಸಿದರೆ ಒಂದು ಅಡಗಿ ಇನ್ನೊಂದು ಕಾಣುತ್ತದೆ.

ನಿನ್ನೆ ಪಂಪಾಪತಿಯವರು ಬಂದರು. ಆದಮ್ಮತ್ತೆ ಎಲೆ ತೆಗೆದುಕೊಂಡಳು. ಜೈನಾಬೀ ನನ್ನ ಬೆನ್ನಿಗೆ ಗುದ್ದಿ, ‘ಬಾಯಿ ಬಂತಂತಲ್ಲಲೇ ಬೆಂಗಳೂರಿನಾಗ? ಇಲ್ಲೂ ಸ್ವಲ್ಪ ತೆಗಿ, ನಾಟಿ ಹಚ್ಚೂಮುಂದ ಹಾಡಾಕ ಒಬ್ಬಾಕಿ ಕಡಿಮಿ ಆಗ್ಯಾಳ’ ಎಂದಳು.

ಒಂದು ಕೇಳಬೇಕು. ಅವರು ಬಿಟ್ಟೆ ಎಂದ ಮೇಲೆ ನಾನು ತಿರುಗಿ ನೋಡಿದೆ, ನೀನು ಇರಲಿಲ್ಲ. ದೀಪಾಳೂ ಇರಲಿಲ್ಲ. ಬಹಳ ಹೊತ್ತಿನ ಮೇಲೆ ಇಬ್ಬರೂ ಬಂದಿರಿ. ಬಸ್ಸಿನಲ್ಲಿ ನೀನು ಒಂದೂ ಮಾತನಾಡಲಿಲ್ಲ, ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದೇ ಕೂತಿದ್ದೆ. ನಿನಗೆ ಅಲ್ಲಿ ಬೇಸರವಾಯಿತೇ? ಯಾರಾದರೂ ಏನಾದರೂ ಅಂದರೇ?

ಜಯಶ್ರೀ


ಗುರುಗುಂಟಾ
೨೫ ಜುಲೈ ೨೦೨೫

ಜಯಾ,

ಯಾರೂ ಏನೂ ಅನ್ನಲಿಲ್ಲ. ಬೇಸರವಾಗಲಿಲ್ಲ.

‘ಬಿಟ್ಟೆ’ ಎಂಬುದನ್ನು ಕಿವಿಯಾರೆ ಕೇಳಿದೆ, ಸಾಕ್ಷಿಯ ಕೆಲಸ ಮುಗಿಯಿತು. ಅದಾದ ಮೇಲೆ ನೀನು ಕಾರ್ಡು ಗೀರುತ್ತ ನಿಂತೆ. ನನ್ನ ಹಿಂದಿನ ಸ್ಟಾಲಿನಲ್ಲಿ ಕುರಿಯ ಚಿತ್ರ ಇತ್ತು. ಅಷ್ಟು ದೊಡ್ಡ ಸಭೆಯಲ್ಲಿ ಒಂದು ಕುರಿ! ದೀಪಾಳನ್ನು ಎಳೆದುಕೊಂಡು ಹೋದೆ. ಕುರಿಯ ಕಿವಿಗೆ ಒಂದು ಬಿಲ್ಲೆ ಹಾಕುತ್ತಾರಂತೆ. ಕುರಿ ಎಲ್ಲಿ ಹೋಯಿತು, ಮೇವು ತಿಂದಿತೋ ಇಲ್ಲವೋ, ಫೋನಿಗೆ ತಿಳಿಯುತ್ತದಂತೆ. ಅಲ್ಲಿ ಸುರೇಖಾ ಎಂಬ ಹೆಣ್ಣುಮಗಳು ಇದ್ದಳು, ಪುಣೆಯವಳು, ಹೊಸಪೇಟೆಯಲ್ಲಿ ಓದಿದವಳಂತೆ, ಕನ್ನಡ ಬರುತ್ತದೆ. ಅವಳು ಕುರ್ಚಿ ಎಳೆದು ಕೂರಿಸಿದಳು. ಮೆತ್ತೆ ಇತ್ತು.

ನನ್ನನ್ನು ಏನೇನೋ ಕೇಳಿದಳು. ನಾನು ಅವಳನ್ನು ಅದಕ್ಕಿಂತ ಹೆಚ್ಚು ಕೇಳಿದೆ. ಮಳೆಯಲ್ಲಿ ನೆನೆದರೆ ಬಿಲ್ಲೆ ಕೆಡುವುದಿಲ್ಲವೇ, ಟಗರುಗಳು ಗುದ್ದಾಡಿದರೆ? ಅವಳಿಗೂ ಕೆಲವು ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದೇ ಹೇಳಿದಳು, ಅದು ನನಗೆ ಹಿಡಿಸಿತು. ಕೊನೆಗೆ, ‘ನಿಮ್ಮ ಕುರಿಗಳ ಜೊತೆ ಒಂದಿನ ಇರಬೇಕು, ಬರಲಾ?’ ಎಂದು ಕಾರ್ಡು ಚಾಚಿದಳು.

ಜಯಾ, ನಾನು ತೆಗೆದುಕೊಂಡೆ. ನಿನ್ನ ಹಾಗೆ ಕೈ ತಾನೇ ಹೋದದ್ದಲ್ಲ. ಅದರ ಮೇಲೆ ಯಾವ ಚಿತ್ರವೂ ಇರಲಿಲ್ಲ, ಬರೀ ಬಿಳಿ. ಗೊತ್ತಿದ್ದೇ ತೆಗೆದುಕೊಂಡೆ. ಎರಡು ವರ್ಷದಿಂದ ಈ ಗುಡ್ಡದ ಕಡೆ ‘ಬರಲಾ’ ಎಂದು ನನ್ನನ್ನು ಯಾರೂ ಕೇಳಿರಲಿಲ್ಲ. ಸೆರಗಿಗೆ ಕಟ್ಟಿಕೊಂಡೆ. ಮುಷ್ಟಿಯಲ್ಲಿ ಹಿಡಿದಿದ್ದು ಅದನ್ನೇ.

ನಮ್ಮ ಪದ್ಧತಿಯನ್ನೂ ಅವಳಿಗೆ ಬಿಡಿಸಿ ಹೇಳಿದೆ. ದೀಪಾ ಸಾಕ್ಷಿ. ‘ಆಗಸ್ಟಿನ ಮೊದಲ ಐತವಾರ ನಿಂದು. ಆ ದಿನ ನಾ ಬ್ಯಾರೆ ಯಾರಿಗೂ ಕೊಡಂಗಿಲ್ಲ. ನೀ ಬರಲಿಲ್ಲ ಅಂದ್ರ ಇದನ್ನ ನಿನ್ನ ಕೈಯಾಗ ಇಡಾಕ ನಾನ ಬರಬೇಕಾಕ್ಕೈತಿ, ನೋಡವಾ’ ಎಂದೆ. ಅವಳು ನಕ್ಕಳು. ದೀಪಾ ನಗಲಿಲ್ಲ, ‘ಅಕ್ಕಾರ ಖರೇನ ಬರ್ತಾರ’ ಎಂದು ಅವಳಿಗೆ ಹೇಳಿದಳು.

ವೀರೇಶನಿಗೆ ನಿನ್ನೆ ಹೇಳಿದೆ. ‘ಬರ್ತಾಳಂತೇನು ಆಕಿ? ಮರತಿರ್ತಾಳ ಬಿಡು’ ಎಂದ. ಇರಬಹುದು. ಬಂದರೆ ಅವಳಿಗೆ ರೊಟ್ಟಿ ಮಾಡುತ್ತೇನೆ, ಟಗರು ಗುದ್ದಾಡುವುದನ್ನು ತೋರಿಸುತ್ತೇನೆ. ಮರೆತಿದ್ದರೂ ನನಗೇನೂ ಸಿಟ್ಟಿಲ್ಲ. ಲಿಂಗಸೂಗೂರಿನಿಂದ ಪುಣೆಗೆ ನೇರ ಬಸ್ಸು ಇದೆಯೋ, ಸೊಲ್ಲಾಪುರದಲ್ಲಿ ಇಳಿದು ಬೇರೆ ಹಿಡಿಯಬೇಕೋ, ದೀಪಾಳನ್ನು ಕೇಳಿ ಬರೆ.

ಭಾರತಿ